ಗಂಗಾದ್ವಾರ ಮತ್ತು ಹಿಮಾಲಯದ ತಪ್ಪಲು

ನಮ್ಮ ಶಾಲೆಯು ಐವತ್ತು ವರ್ಷಗಳನ್ನು ಪೂರೈಸಿ ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಶಾಲೆಯ ಹಳೆಯ ನೆನಪುಗಳನ್ನು ಬರೆಯುವವರು ಹಲವರಿದ್ದಾರೆ. ಬಹುಕಾಲ ಭೂಗೋಳವನ್ನು ಬೋಧಿಸಿದ ನಾನು ಒಂದು ಪಾಠವನ್ನೇ ಬರೆದುಕೊಡುವುದು ಉಚಿತವೆಂದು ಭಾವಿಸಿ ಈ ಲೇಖನಿಯನ್ನು ಹಿಡಿದಿದ್ದೇನೆ.

ಪಾಠದ ವಿಷಯವನ್ನು ಆರಿಸಿಕೊಳ್ಳಲು ಕಾರಣವಿದೆ. ಮನೂರು, ನಾರಾಯಣಖೇಡ, ಜಹೀರಾಬಾದ್, ತಾಂಡೂರು ಸೀಮೆಗಳಿಂದ ಪ್ರತಿವರ್ಷವೂ ಬೇಸಿಗೆಯಲ್ಲಿ ಹಲವು ಕುಟುಂಬಗಳು ಉತ್ತರದ ಯಾತ್ರೆಗೆ ಹೊರಡುತ್ತವೆ. ಕಾಶಿ, ಹರಿದ್ವಾರ, ಕೇದಾರಗಳನ್ನು ಮುಗಿಸಿ ಗಂಗೆಯ ಗಿಂಡಿಗಳೊಡನೆ ಊರಿಗೆ ಮರಳುತ್ತವೆ. ಬಂದವರನ್ನು ಏನೇನು ನೋಡಿದಿರೆಂದು ವಿಚಾರಿಸಿದರೆ 'ದರ್ಶನ ಚೆನ್ನಾಗಿ ಆಯಿತು' ಎಂಬ ಒಂದೇ ಮಾತಿನಲ್ಲಿ ಉತ್ತರ ಮುಗಿಯುತ್ತದೆ. ದರ್ಶನವೆಂದರೆ ನೋಡುವುದು. ದೇವರನ್ನು ನೋಡಿದ ಕಣ್ಣು ದೇವರು ನೆಲೆಸಿದ ನೆಲವನ್ನೂ ನೋಡಿದರೆ ಯಾತ್ರೆಯ ಫಲ ಇಮ್ಮಡಿಯಾಗುತ್ತದೆ. ಹೋಗುವವರಿಗೆ ಈ ಪಾಠ ಕೈದೀಪವಾಗಲಿ. ಹೋಗಲಾರದವರಿಗೆ ಮನೆಯಂಗಳದಲ್ಲಿಯೇ ಒಂದಿಷ್ಟು ಹಿಮಾಲಯ ಕಾಣಲಿ ಎಂಬುದೇ ನನ್ನ ಆಶಯ.

1. ನಕಾಶೆಯಲ್ಲಿ ನಾವು ಮತ್ತು ಹರಿದ್ವಾರ

ವಿದ್ಯಾರ್ಥಿಗಳೇ, ಮೊದಲು ಭಾರತದ ನಕಾಶೆಯನ್ನು ಬಿಡಿಸಿರಿ. ನಾರಾಯಣಖೇಡವು ಸುಮಾರು 18 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, 77 ಡಿಗ್ರಿ 46 ನಿಮಿಷ ಪೂರ್ವ ರೇಖಾಂಶದಲ್ಲಿದೆ. ಅಲ್ಲಿಂದ ಅಳತೆಪಟ್ಟಿಯನ್ನು ನೆಟ್ಟಗೆ ಉತ್ತರಕ್ಕೆ ಇಟ್ಟು ಒಂದು ಗೆರೆಯನ್ನೆಳೆಯಿರಿ. ಅದು ಗೋದಾವರಿ, ನರ್ಮದಾ, ಚಂಬಲ್, ಯಮುನಾ ನದಿಗಳನ್ನು ದಾಟಿ ದೆಹಲಿಗೆ ತುಸು ಪೂರ್ವದಲ್ಲಿ ಸಾಗಿ ಹಿಮಾಲಯದ ಬುಡವನ್ನು ಮುಟ್ಟುತ್ತದೆ. ಹರಿದ್ವಾರದ ರೇಖಾಂಶ 78 ಡಿಗ್ರಿ 10 ನಿಮಿಷ. ಅಕ್ಷಾಂಶ 30 ಡಿಗ್ರಿಗೆ ಸ್ವಲ್ಪವೇ ಕಡಿಮೆ. ಎಂದರೆ ಹರಿದ್ವಾರವು ನಮಗೆ ಹೆಚ್ಚುಕಡಿಮೆ ನೇರ ಉತ್ತರದಲ್ಲಿದೆ. ಸೂರ್ಯನು ನಮ್ಮ ನೆತ್ತಿಯ ರೇಖೆಗೆ ಬರುವ ಹೊತ್ತಿಗೂ ಅಲ್ಲಿನವರ ರೇಖೆಗೆ ಬರುವ ಹೊತ್ತಿಗೂ ಎರಡು ನಿಮಿಷಗಳ ಅಂತರವೂ ಇಲ್ಲ.

ಮಧ್ಯಾಹ್ನವು ಒಂದೇ ಆದರೂ ರಾತ್ರಿಯ ಆಕಾಶ ಬೇರೆ. ಧ್ರುವ ನಕ್ಷತ್ರವು ದಿಗಂತದಿಂದ ಎಷ್ಟು ಡಿಗ್ರಿ ಎತ್ತರದಲ್ಲಿ ಕಾಣುತ್ತದೆಯೋ ಅದೇ ಆ ಊರಿನ ಅಕ್ಷಾಂಶವೆಂದು ನೀವು ಓದಿದ್ದೀರಿ. ತೋಳನ್ನು ಮುಂದಕ್ಕೆ ನೀಡಿ ಮುಷ್ಟಿ ಹಿಡಿದರೆ ಮುಷ್ಟಿಯ ಅಗಲ ಸುಮಾರು ಹತ್ತು ಡಿಗ್ರಿಯಷ್ಟಾಗುತ್ತದೆ. ನಮ್ಮ ಹೊಲದಲ್ಲಿ ನಿಂತರೆ ಧ್ರುವನು ಎರಡು ಮುಷ್ಟಿಗಿಂತ ತುಸು ಕೆಳಗೆ ಕಾಣುತ್ತಾನೆ. ಹರಿದ್ವಾರದಲ್ಲಿ ಮೂರು ಮುಷ್ಟಿ ಮೇಲೇರಿರುತ್ತಾನೆ. ಯಾತ್ರೆಗೆ ಹೋಗುವ ಹಿರಿಯರೊಡನೆ ಹೋಗುವ ಮಕ್ಕಳು ಇದನ್ನು ತಪ್ಪದೆ ಪರೀಕ್ಷಿಸಬೇಕು. ಇದಕ್ಕೆ ಕಾಸು ಖರ್ಚಿಲ್ಲ, ಯಂತ್ರವೂ ಬೇಕಿಲ್ಲ. ಭೂಮಿ ದುಂಡಗಿದೆಯೆಂಬ ಮಾತು ಪುಸ್ತಕದಿಂದ ಇಳಿದು ನಿಮ್ಮ ಮುಷ್ಟಿಯೊಳಕ್ಕೆ ಬರುತ್ತದೆ.

2. ಬಾಗಿಲ ಊರು

ಹರಿದ್ವಾರವನ್ನು ವೈಷ್ಣವರು ಹರಿಯ ಬಾಗಿಲೆಂದೂ ಶೈವರು ಹರದ್ವಾರ, ಎಂದರೆ ಹರನ ಬಾಗಿಲೆಂದೂ ಕರೆಯುತ್ತಾರೆ. ಬದರಿಗೆ ಹೋಗುವವರಿಗೂ ಕೇದಾರಕ್ಕೆ ಹೋಗುವವರಿಗೂ ದಾರಿ ಇಲ್ಲಿಂದಲೇ ಆರಂಭವಾಗುವುದರಿಂದ ಎರಡು ಹೆಸರುಗಳೂ ಸಲ್ಲುತ್ತವೆ. ಗಂಗಾದ್ವಾರ, ಮಾಯಾಪುರಿ ಎಂಬ ಪ್ರಾಚೀನ ನಾಮಗಳೂ ಇದಕ್ಕುಂಟು. ಮೋಕ್ಷದಾಯಕವೆನಿಸಿದ ಸಪ್ತಪುರಿಗಳಲ್ಲಿ ಮಾಯಾಪುರಿಯೂ ಒಂದು. ಭೂಗೋಳದ ದೃಷ್ಟಿಯಿಂದ ನೋಡಿದರೆ ಗಂಗಾದ್ವಾರವೆಂಬ ಹೆಸರೇ ಅತ್ಯಂತ ಯಥಾರ್ಥವಾದುದು. ಪರ್ವತಗಳ ನಡುವೆ ಇಕ್ಕಟ್ಟಿನಲ್ಲಿ ಹರಿದುಬಂದ ಗಂಗೆಯು ಶಿವಾಲಿಕ್ ಬೆಟ್ಟಗಳನ್ನು ಸೀಳಿಕೊಂಡು ಬಯಲಿಗೆ ಕಾಲಿಡುವ ಸ್ಥಳ ಇದು.

ಇಲ್ಲೊಂದು ಚಿಕ್ಕ ಲೆಕ್ಕ. ಗಂಗೆಯ ಮೂಲವಾದ ಗೋಮುಖವು ಸಮುದ್ರಮಟ್ಟದಿಂದ ಸುಮಾರು 3,900 ಮೀಟರು ಎತ್ತರದಲ್ಲಿದೆ. ಹರಿದ್ವಾರದ ಎತ್ತರ ಸುಮಾರು 314 ಮೀಟರು. ನಡುವಿನ ಹಾದಿ ಸುಮಾರು 250 ಕಿಲೋಮೀಟರು. ಅಂದರೆ ನದಿಯು ಪ್ರತಿ ಕಿಲೋಮೀಟರಿಗೆ ಸರಾಸರಿ 14 ಮೀಟರು ಧುಮುಕುತ್ತದೆ. ಹರಿದ್ವಾರದಿಂದ ಸಮುದ್ರಕ್ಕೆ ಇನ್ನೂ ಸುಮಾರು 2,275 ಕಿಲೋಮೀಟರು ಹೋಗಬೇಕು. ಇಳಿಯಬೇಕಾದುದು ಅದೇ 314 ಮೀಟರು. ಅಂದರೆ ಕಿಲೋಮೀಟರಿಗೆ ಸುಮಾರು 14 ಸೆಂಟಿಮೀಟರು ಮಾತ್ರ. ಮೇಲೆ 14 ಮೀಟರು, ಕೆಳಗೆ 14 ಸೆಂಟಿಮೀಟರು! ಬಾಗಿಲೆಂಬ ಮಾತಿನ ಅರ್ಥ ಈ ಎರಡು ಅಂಕಿಗಳಲ್ಲಿದೆ. ಓಡುವ ನೀರು ಇಲ್ಲಿ ನಡೆಯಲಾರಂಭಿಸುತ್ತದೆ; ಹೊತ್ತು ತಂದ ಬಂಡೆ, ಹರಳು, ಮರಳುಗಳನ್ನು ಒಂದೊಂದಾಗಿ ಕೆಳಗಿಳಿಸುತ್ತದೆ. ನದಿಯ ಪಾತ್ರದಲ್ಲಿ ಬಿದ್ದಿರುವ ದುಂಡು ಕಲ್ಲುಗಳನ್ನು ಕೈಗೆತ್ತಿಕೊಂಡು ನೋಡಿದವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ.

ಹರಿದ್ವಾರದ ಮುಖ್ಯ ಸ್ನಾನಘಟ್ಟ ಹರ್ ಕೀ ಪೌಡಿ. ಸಂಜೆಯ ಗಂಗಾರತಿಯನ್ನು ನೋಡಲು ಸಾವಿರಾರು ಜನ ಅಲ್ಲಿ ಕೂಡುತ್ತಾರೆ. ಆದರೆ ಅಲ್ಲಿ ಮೀಯುವವರಲ್ಲಿ ಬಹುಮಂದಿಗೆ ತಿಳಿಯದ ಸಂಗತಿಯೊಂದಿದೆ. ಆ ಘಟ್ಟದ ಮುಂದೆ ಹರಿಯುವುದು ನದಿಯ ಹಿರಿಯ ಪಾತ್ರವಲ್ಲ, ಅದರಿಂದ ತಿರುಗಿಸಿ ತಂದ ಧಾರೆ. ಅದೇ ಮುಂದೆ ಗಂಗಾ ಕಾಲುವೆಯಾಗುತ್ತದೆ. 1837-38ರಲ್ಲಿ ದೋಆಬ ಪ್ರದೇಶದಲ್ಲಿ ಭೀಕರ ಕ್ಷಾಮ ಬಂದು ಲಕ್ಷಾಂತರ ಜನ ಮಡಿದರು. ಆ ಬಳಿಕ ಪ್ರೋಬಿ ಕಾಟ್ಲಿ ಎಂಬ ಇಂಜಿನಿಯರನು ಈ ಕಾಲುವೆಯನ್ನು ಯೋಜಿಸಿದನು. 1842ರಲ್ಲಿ ಅಗೆತ ಆರಂಭವಾಗಿ 1854ರ ಏಪ್ರಿಲಿನಲ್ಲಿ ನೀರು ಹರಿಯಿತು. ಈ ಕಾಮಗಾರಿಗೆ ಬೇಕಾದ ತಂತ್ರಜ್ಞರನ್ನು ತಯಾರಿಸಲೆಂದು 1847ರಲ್ಲಿ ರೂರ್ಕಿಯಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆಯಿತು. ಅದು 2001ರಲ್ಲಿ ಐಐಟಿಯಾಯಿತು. ಗಂಗೆಯ ಹರಿವನ್ನು ಪೂರ್ಣವಾಗಿ ಕಟ್ಟಬಾರದೆಂದು ಭಕ್ತರು ಹೋರಾಡಿದಾಗ, ಪಂಡಿತ ಮದನ ಮೋಹನ ಮಾಳವೀಯರು ಮುಂದೆ ನಿಂತು 1916ರಲ್ಲಿ ಸರಕಾರದೊಡನೆ ಒಪ್ಪಂದವನ್ನು ಸಾಧಿಸಿದರು.

ನಮ್ಮ ಮಂಜೀರೆಯ ಕಥೆಯೂ ಇದೇ ಬಗೆಯದು. ಬಾಲಾಘಾಟದ ಗುಡ್ಡಗಳಲ್ಲಿ ಹುಟ್ಟಿ ನಮ್ಮ ಸೀಮೆಯನ್ನು ತೋಯಿಸಿ ಗೋದಾವರಿಯನ್ನು ಸೇರುವ ಆಕೆಯನ್ನು ಸಿಂಗೂರಿನಲ್ಲಿ ತಡೆದು ಹೈದರಾಬಾದಿಗೆ ಕುಡಿಯುವ ನೀರನ್ನು ಒಯ್ಯಲಾಯಿತು. ಗಂಗೆಗೆ ಹಿಮದ ನೀರೂ ಮಳೆಯ ನೀರೂ ಉಂಟು. ಮಂಜೀರೆಗೆ ಮಳೆಯೊಂದೇ ಆಧಾರ. ಆದುದರಿಂದ ಬೇಸಿಗೆಯಲ್ಲಿ ಗಂಗೆ ಹರಿಯುತ್ತಾಳೆ, ಮಂಜೀರೆ ಬತ್ತುತ್ತಾಳೆ. ಹರಿದ್ವಾರದಿಂದ ಗಿಂಡಿಯಲ್ಲಿ ನೀರು ತಂದು ಪೂಜಿಸುವ ನಾವು ಮನೆಯ ಹತ್ತಿರದ ಹೊಳೆಯಲ್ಲಿ ಕಸ ಸುರಿಯುವುದು ಯಾವ ಧರ್ಮವೆಂದು ವಿಚಾರಿಸಬೇಕು.

3. ತಪ್ಪಲಿನ ಪದರುಗಳು

ಹಿಮಾಲಯವು ಬಯಲಿನಿಂದ ಒಮ್ಮೆಲೇ ಎದ್ದ ಗೋಡೆಯಲ್ಲ, ಮೆಟ್ಟಿಲುಗಳ ಸಾಲು. ಬಯಲು ಮುಗಿಯುವಲ್ಲಿ ತರಾಯಿ ಎಂಬ ಜವುಗು ಪಟ್ಟಿ. ಅದರ ಮೇಲೆ ಭಾಬರ್ ಎಂಬ ಹರಳುಗಲ್ಲಿನ ಪಟ್ಟಿ. ಬೆಟ್ಟದಿಂದ ಇಳಿದ ಚಿಕ್ಕ ತೊರೆಗಳು ಭಾಬರಿನ ಕಲ್ಲುಗಳೊಳಗೆ ಇಂಗಿ ಮರೆಯಾಗಿ ತರಾಯಿಯಲ್ಲಿ ಮತ್ತೆ ಹೊರಬೀಳುತ್ತವೆ. ಅದರಾಚೆಗೆ ಶಿವಾಲಿಕ್ ಬೆಟ್ಟಗಳು. ಹರಿದ್ವಾರದ ಮನಸಾದೇವಿ, ಚಂಡೀದೇವಿ ಗುಡಿಗಳಿರುವ ಗುಡ್ಡಗಳು ಈ ಸಾಲಿನವೇ. ಹಿಮಾಲಯದಿಂದಲೇ ಕೊಚ್ಚಿ ಬಂದ ಮಣ್ಣು, ಮರಳು, ಹರಳುಗಳು ಪದರ ಪದರವಾಗಿ ಕೂಡಿ ಅನಂತರ ಮೇಲೆದ್ದು ಇವು ಆದವು. ಆದುದರಿಂದಲೇ ಮಳೆಗಾಲದಲ್ಲಿ ಸುಲಭವಾಗಿ ಕುಸಿಯುತ್ತವೆ.

ಶಿವಾಲಿಕ್ ಕಾಡುಗಳಲ್ಲಿ ಆನೆಗಳು ಬಹಳ. 1983ರಲ್ಲಿ ಇಲ್ಲಿನ ಮೂರು ಅಭಯಾರಣ್ಯಗಳನ್ನು ಕೂಡಿಸಿ ಚಕ್ರವರ್ತಿ ರಾಜಗೋಪಾಲಾಚಾರಿಯವರ ಹೆಸರಿನಲ್ಲಿ ರಾಜಾಜಿ ರಾಷ್ಟ್ರೀಯ ಉದ್ಯಾನವನ್ನು ರಚಿಸಲಾಯಿತು. 2015ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವೂ ಆಯಿತು.

ಶಿವಾಲಿಕ್ ಸಾಲಿಗೂ ಅದರಾಚೆಯ ಎತ್ತರದ ಬೆಟ್ಟಗಳಿಗೂ ನಡುವೆ ಇರುವ ಉದ್ದನೆಯ ಕಣಿವೆಗಳಿಗೆ ದೂನ್ ಎಂದು ಹೆಸರು. ಡೆಹರಾಡೂನ್ ಅಂಥ ಕಣಿವೆಯ ಪಟ್ಟಣ. ಎತ್ತರ ಸುಮಾರು 640 ಮೀಟರು. ಅಲ್ಲಿನ ಅರಣ್ಯ ಸಂಶೋಧನ ಸಂಸ್ಥೆ 1906ರಲ್ಲಿ ಸ್ಥಾಪಿತವಾಯಿತು. 1929ರಲ್ಲಿ ಉದ್ಘಾಟಿಸಲ್ಪಟ್ಟ ಅದರ ಕೆಂಪು ಇಟ್ಟಿಗೆಯ ಭವ್ಯ ಕಟ್ಟಡ ನೋಡತಕ್ಕದ್ದು. ಡೆಹರಾಡೂನಿನಿಂದ ಸುಮಾರು 35 ಕಿಲೋಮೀಟರು ಬಳಸುದಾರಿಯನ್ನೇರಿದರೆ 2,000 ಮೀಟರು ಎತ್ತರದ ಮಸ್ಸೂರಿ. ಒಂದೇ ದಿನದಲ್ಲಿ ಸಾಲವೃಕ್ಷದ ಕಾಡನ್ನು ದಾಟಿ ದೇವದಾರುವಿನ ತಂಪಿಗೆ ಸೇರಬಹುದು. ನಿರ್ಮಲವಾದ ಬೆಳಗಿನಲ್ಲಿ ಉತ್ತರದಿಕ್ಕಿಗೆ ಹಿಮಶಿಖರಗಳ ಸಾಲು ಕಾಣುತ್ತದೆ.

ಇನ್ನು ಒಂದು ಕೌತುಕ. ಹಿಮಾಲಯವು ಪುರಾತನವೆಂದು ನಾವು ಭಾವಿಸುತ್ತೇವೆ. ಆದರೆ ಬೀದರ, ನಾರಾಯಣಖೇಡಗಳ ಸುತ್ತಲೂ ಇರುವ ಕರಿಕಲ್ಲು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಲಾವಾರಸವಾಗಿ ಹರಿದು ಗಟ್ಟಿಯಾದುದು. ಭಾರತದ ಭೂಫಲಕವು ಉತ್ತರಕ್ಕೆ ತೇಲಿಹೋಗಿ ಏಷ್ಯಾ ಖಂಡಕ್ಕೆ ಒತ್ತಿ ಹಿಮಾಲಯವನ್ನು ಮೇಲೆತ್ತಲು ತೊಡಗಿದುದು ಸುಮಾರು 5 ಕೋಟಿ ವರ್ಷಗಳ ಹಿಂದೆ. ಹಾಗಾದರೆ ನಮ್ಮ ಬದುವಿನ ಕಲ್ಲು ಹಿಮಾಲಯ ಪರ್ವತಕ್ಕಿಂತ ಹಿರಿಯದು! ತಾಂಡೂರಿನ ಹಾಸುಗಲ್ಲಂತೂ ಅದಕ್ಕಿಂತಲೂ ಎಷ್ಟೋ ಪಾಲು ಹಳೆಯದು. ಆ ಒತ್ತಡ ಇನ್ನೂ ನಿಂತಿಲ್ಲ. ನಮ್ಮ ನೆಲವು ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಈಗಲೂ ಈಶಾನ್ಯದತ್ತ ಸರಿಯುತ್ತಿದೆ. ಈ ಶಾಲೆಯ ಐವತ್ತು ವರ್ಷಗಳಲ್ಲಿ ಶಾಲೆಯ ಸಮೇತ ನಾವೆಲ್ಲರೂ ಸುಮಾರು ಎರಡೂವರೆ ಮೀಟರು ಮುಂದೆ ಹೋಗಿದ್ದೇವೆ. ಆ ಒತ್ತಡದ ಫಲವೇ 1991ರ ಅಕ್ಟೋಬರಿನ ಉತ್ತರಕಾಶಿ ಭೂಕಂಪ. ಎರಡು ವರ್ಷಗಳ ತರುವಾಯ, 1993ರ ಸೆಪ್ಟೆಂಬರಿನಲ್ಲಿ, ನಮ್ಮ ನೆರೆಯ ಲಾತೂರಿನ ಕಿಲ್ಲಾರಿಯಲ್ಲಿ ನೆಲ ನಡುಗಿ ಸಾವಿರಾರು ಜನ ಮಡಿದುದನ್ನು ಹಿರಿಯರು ಮರೆತಿಲ್ಲ.

4. ನಮ್ಮ ಸೀಮೆಯಿಂದ ಹೊರಟ ಗೆರೆ

ಮೇಲೆ ನಿಮ್ಮಿಂದ ನಕಾಶೆಯ ಮೇಲೆ ಒಂದು ಗೆರೆಯನ್ನು ಎಳೆಯಿಸಿದೆನಷ್ಟೆ. ಆ ಗೆರೆಯನ್ನು ಇನ್ನೂರು ವರ್ಷಗಳ ಹಿಂದೆ ನೆಲದ ಮೇಲೆಯೇ ಅಳೆದ ಚರಿತ್ರೆಯಿದೆ. ಇದು ನಮ್ಮ ಭಾಗದ ಪ್ರತಿಯೊಬ್ಬ ವಿದ್ಯಾರ್ಥಿಗೂ ತಿಳಿದಿರಬೇಕು.

ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿಯು 1802ರಲ್ಲಿ ಮದರಾಸಿನಲ್ಲಿ ತಳರೇಖೆಯೊಂದನ್ನು ಅಳೆದು ತ್ರಿಕೋನಮಿತಿಯ ಮಹಾ ಭೂಮಾಪನವನ್ನು ಆರಂಭಿಸಿದನು. ಇದರ ತತ್ತ್ವ ನಿಮಗೆ ಗೊತ್ತಿರುವುದೇ. ತ್ರಿಕೋನದ ಒಂದು ಭುಜವೂ ಎರಡು ಕೋನಗಳೂ ತಿಳಿದರೆ ಉಳಿದ ಭುಜಗಳನ್ನು ಲೆಕ್ಕದಿಂದಲೇ ಪಡೆಯಬಹುದು. ಹಾಗೆ ಗುಡ್ಡದಿಂದ ಗುಡ್ಡಕ್ಕೆ ತ್ರಿಕೋನಗಳನ್ನು ಹೆಣೆಯುತ್ತ, ನಡುನಡುವೆ ತಳರೇಖೆಗಳನ್ನು ನೆಲದ ಮೇಲೆ ಅಳೆದು ಲೆಕ್ಕವನ್ನು ತಾಳೆ ನೋಡುತ್ತ ಅವರು ಉತ್ತರಕ್ಕೆ ಸಾಗಿದರು. 1804ರಲ್ಲಿ ಬೆಂಗಳೂರಿನ ತಳರೇಖೆ. 1815ರಲ್ಲಿ ಬೀದರದ ತಳರೇಖೆ. ಈ ಎರಡನೆಯದರ ಮುಖ್ಯ ಠಾಣೆಯ ಹೆಸರು ದಾಮರಗಿಡ್ಡ. ಭೂಮಾಪನದ ದಾಖಲೆಯಲ್ಲಿ ಅದರ ಅಕ್ಷಾಂಶ 18 ಡಿಗ್ರಿ 3 ನಿಮಿಷ 15 ಸೆಕೆಂಡು. ಇದು ನಾರಾಯಣಖೇಡದ ಅಕ್ಷಾಂಶಕ್ಕೆ ಹೆಚ್ಚುಕಡಿಮೆ ಸರಿಹೊಂದುತ್ತದೆ.

ಲ್ಯಾಂಬ್ಟನ್ 1823ರಲ್ಲಿ ಹಿಂಗಣಘಾಟದಲ್ಲಿ ಮೃತನಾದನು. ಕಾರ್ಯವನ್ನು ಮುಂದುವರಿಸಿದವನು ಜಾರ್ಜ್ ಎವರೆಸ್ಟ್. ಅವನು ಮಸ್ಸೂರಿಯ ಹಾಥಿಪಾಂವ್ ಎಂಬಲ್ಲಿ ಮನೆ ಮಾಡಿಕೊಂಡು 1834-35ರಲ್ಲಿ ಡೆಹರಾಡೂನಿನ ಕಣಿವೆಯಲ್ಲಿ ಏಳು ಮೈಲಿಗೂ ತುಸು ಉದ್ದನೆಯ ತಳರೇಖೆಯನ್ನು ಅಳೆಸಿದನು. 1841ರಲ್ಲಿ ಬೀದರದ ತಳರೇಖೆಯನ್ನು ಹೊಸ ಉಪಕರಣಗಳಿಂದ ಮತ್ತೊಮ್ಮೆ ಅಳೆಯಲಾಯಿತು. ನೂರಾರು ಮೈಲಿಗಳ ತ್ರಿಕೋನಗಳ ಮೂಲಕ ಬಂದ ಲೆಕ್ಕಕ್ಕೂ ನೆಲದ ಮೇಲಿನ ಅಳತೆಗೂ ಕೆಲವೇ ಅಂಗುಲಗಳ ವ್ಯತ್ಯಾಸ ಕಂಡಿತು. ಬಿಸಿಲು, ಕಾಡು, ಜ್ವರಗಳ ನಡುವೆ ಕಂಬ ಹೊತ್ತು, ದೀಪ ಹಿಡಿದು, ಗುಡ್ಡವೇರಿದ ಅಸಂಖ್ಯ ಭಾರತೀಯ ಕೂಲಿಕಾರರ ಹೆಸರುಗಳು ದಾಖಲೆಯಲ್ಲಿ ಸಿಗುವುದಿಲ್ಲ. ಆ ನಿಖರತೆಯಲ್ಲಿ ಅವರ ಪಾಲೂ ಇದೆ.

ಈ ಮಧ್ಯರೇಖೆಯ ಉತ್ತರದ ಖಗೋಳ ಠಾಣೆ ಮುಜಫ್ಫರನಗರ ಜಿಲ್ಲೆಯ ಕಲಿಯಾನಾ. ಅಕ್ಷಾಂಶ 29 ಡಿಗ್ರಿ 30 ನಿಮಿಷ 48 ಸೆಕೆಂಡು. ಹರಿದ್ವಾರಕ್ಕೆ ಹೋಗುವ ಯಾತ್ರಿಕರು ದೆಹಲಿಯಿಂದ ಹೊರಟು ಇದೇ ಜಿಲ್ಲೆಯನ್ನು ಹಾದುಹೋಗುತ್ತಾರೆ. ಪರ್ವತದವರೆಗೂ ಹೋಗದೆ ಎವರೆಸ್ಟನು ಅಲ್ಲಿಯೇ ನಿಂತುದೇಕೆ? ತೂಗುಗುಂಡನ್ನು ಇಳಿಬಿಟ್ಟರೆ ಅದು ನೇರವಾಗಿ ಭೂಮಿಯ ಕೇಂದ್ರದತ್ತ ತೂಗಬೇಕು. ಆದರೆ ಪಕ್ಕದಲ್ಲಿ ಮಹಾಪರ್ವತವಿದ್ದರೆ ಅದು ಗುಂಡನ್ನು ತನ್ನೆಡೆಗೆ ಎಳೆಯುತ್ತದೆ. ಆ ಎಳೆತದಿಂದ ಅಳತೆ ಕೆಡಬಾರದೆಂದು ಅವನು ದೂರ ಉಳಿದನು. ಆದರೂ ನಡುವಣ ಠಾಣೆಯಾದ ಕಲಿಯಾನಪುರಕ್ಕೂ ಕಲಿಯಾನಾಕ್ಕೂ ನಕ್ಷತ್ರಗಳಿಂದ ಪಡೆದ ಅಂತರಕ್ಕೂ ನೆಲದ ಮೇಲಿನ ಅಂತರಕ್ಕೂ ಸುಮಾರು 5 ಸೆಕೆಂಡು ಕೋನದ ಭೇದ ಉಳಿಯಿತು. ಪ್ರ್ಯಾಟ್ ಎಂಬ ಪಾದ್ರಿ ಗಣಿತಜ್ಞನು 1855ರಲ್ಲಿ ಪರ್ವತದ ಎಳೆತವನ್ನು ಲೆಕ್ಕ ಹಾಕಿದಾಗ ಭೇದವು ಸುಮಾರು 15 ಸೆಕೆಂಡು ಇರಬೇಕಿತ್ತು! ಅಷ್ಟು ದೊಡ್ಡ ಪರ್ವತವು ಅಷ್ಟು ಕಡಿಮೆ ಎಳೆಯುವುದೇಕೆ? ಏರಿ ಎಂಬ ಖಗೋಳಜ್ಞನು ಅದೇ ವರ್ಷ ಉತ್ತರವನ್ನು ಸೂಚಿಸಿದನು. ನೀರಿನಲ್ಲಿ ತೇಲುವ ಮರದ ದಿಮ್ಮಿಯಂತೆ ಪರ್ವತಕ್ಕೂ ಕೆಳಗೆ ಆಳವಾದ ಬೇರಿದೆ; ಆ ಬೇರು ಸುತ್ತಲ ಶಿಲೆಗಿಂತ ಹಗುರವಾದುದು. ಪರ್ವತಗಳಿಗೆ ಬೇರುಂಟೆಂಬ ಈ ಜ್ಞಾನವು ಜಗತ್ತಿನ ಭೂವಿಜ್ಞಾನಕ್ಕೆ ದೊರೆತುದು ನಮ್ಮ ಸೀಮೆಯನ್ನು ಹಾದು ಹಿಮಾಲಯದ ಬುಡಕ್ಕೆ ಹೋದ ಗೆರೆಯಿಂದ. ಮುಂದೆ ಇದೇ ಮಾಪನದ ಬಲದಿಂದ ರಾಧಾನಾಥ ಸಿಕ್ದಾರರು ಜಗತ್ತಿನ ಅತ್ಯುನ್ನತ ಶಿಖರದ ಎತ್ತರವನ್ನು ಲೆಕ್ಕ ಹಾಕಿದರು; 1856ರಲ್ಲಿ ಅದನ್ನು 29,002 ಅಡಿಯೆಂದು ಪ್ರಕಟಿಸಲಾಯಿತು.

5. ಹೃಷೀಕೇಶದಿಂದ ಉಖೀಮಠಕ್ಕೆ

ಹರಿದ್ವಾರದಿಂದ ಸುಮಾರು 25 ಕಿಲೋಮೀಟರು ದೂರದಲ್ಲಿ ಹೃಷೀಕೇಶವಿದೆ. ಸ್ವಾಮಿ ಶಿವಾನಂದರು 1936ರಲ್ಲಿ ಸ್ಥಾಪಿಸಿದ ದಿವ್ಯ ಜೀವನ ಸಂಘ ಇಲ್ಲಿನದು. ಇಲ್ಲಿನ ಹೆಸರಾಂತ ಲಕ್ಷ್ಮಣ ಝೂಲಾ ಎಂಬ ತೂಗುಸೇತುವೆ ತೊಂಬತ್ತು ವರ್ಷಗಳ ಸೇವೆಯ ತರುವಾಯ ದುರ್ಬಲವಾಯಿತೆಂದು 2019ರಲ್ಲಿ ಅದರ ಸಂಚಾರವನ್ನು ನಿಲ್ಲಿಸಲಾಯಿತು. ಸಿಖ್ಖರ ಹೇಮಕುಂಡ ಯಾತ್ರೆಗೂ ಹೃಷೀಕೇಶವೇ ತಂಗುದಾಣ. ನಮ್ಮ ನೆರೆಯ ಬೀದರದಲ್ಲಿ ನಾನಕ್ ಝೀರಾ ಇರುವುದರಿಂದ ಆ ಯಾತ್ರಿಕರು ನಮಗೆ ಅಪರಿಚಿತರಲ್ಲ.

ಹೃಷೀಕೇಶದಿಂದ ಸುಮಾರು 70 ಕಿಲೋಮೀಟರು ಮೇಲೇರಿದರೆ ದೇವಪ್ರಯಾಗ. ಭಾಗೀರಥಿ ಮತ್ತು ಅಲಕನಂದೆಯರು ಕೂಡಿ ಗಂಗೆಯೆಂಬ ಹೆಸರನ್ನು ಪಡೆಯುವುದು ಇಲ್ಲಿ. ಎರಡು ನೀರುಗಳ ಬಣ್ಣ ಬೇರೆ ಬೇರೆಯಾಗಿ ಕಾಣುವುದನ್ನು ಗಮನಿಸಿರಿ. ಇನ್ನೂ ಮೇಲೆ ರುದ್ರಪ್ರಯಾಗ. ಅಲ್ಲಿ ಮಂದಾಕಿನಿಯು ಅಲಕನಂದೆಯನ್ನು ಕೂಡುತ್ತಾಳೆ. ಮಂದಾಕಿನಿಯ ಕಣಿವೆಯನ್ನು ಹಿಡಿದು ಹೋದರೆ ಉಖೀಮಠ.

ಉಖೀಮಠವನ್ನು ಕಂಡಾಗ ನಮ್ಮವರ ಎದೆ ತುಂಬಿ ಬರುತ್ತದೆ. ವೀರಶೈವ ಪಂಚಪೀಠಗಳಲ್ಲಿ ಒಂದಾದ ಕೇದಾರಪೀಠವು ಇಲ್ಲಿದೆ. ಪೀಠದ ಜಗದ್ಗುರುಗಳೇ ಕೇದಾರನಾಥದ ರಾವಲರು. ಅವರು ಸ್ವತಃ ಪೂಜೆಗೆ ಕೂಡದೆ ತಮ್ಮ ಅಪ್ಪಣೆಯಿಂದ ಅರ್ಚಕರನ್ನು ನೇಮಿಸುತ್ತಾರೆ. ಈ ಅರ್ಚಕರು ಪರಂಪರೆಯಿಂದ ಕನ್ನಡ ನಾಡಿನ ಜಂಗಮ ಮನೆತನಗಳವರು. ಚಳಿಗಾಲದಲ್ಲಿ ಕೇದಾರದ ಬಾಗಿಲು ಮುಚ್ಚಿದಾಗ ಸ್ವಾಮಿಯ ಉತ್ಸವಮೂರ್ತಿಯನ್ನು ಪಲ್ಲಕ್ಕಿಯಲ್ಲಿ ತಂದು ಉಖೀಮಠದ ಓಂಕಾರೇಶ್ವರ ಗುಡಿಯಲ್ಲಿಟ್ಟು ಪೂಜಿಸುತ್ತಾರೆ. ಬಾಗಿಲು ತೆರೆಯುವ ದಿನವನ್ನು ಮಹಾಶಿವರಾತ್ರಿಯಂದು ಇಲ್ಲಿಯೇ ಗೊತ್ತುಪಡಿಸುತ್ತಾರೆ. ಹಾಗೆಯೇ ಬದರಿಯ ರಾವಲರು ಕೇರಳದ ನಂಬೂದಿರಿಗಳು. ನೇಪಾಳದ ಪಶುಪತಿನಾಥದ ಮುಖ್ಯ ಅರ್ಚಕರು ಕರ್ನಾಟಕ ಮೂಲದ ಭಟ್ಟರು. ರೈಲು ಮೋಟಾರುಗಳಿಲ್ಲದ ಕಾಲದಲ್ಲಿಯೇ ದಕ್ಷಿಣದವರು ಹಿಮದ ನಾಡಿಗೆ ಹೋಗಿ ನೆಲೆನಿಂತು, ಅಲ್ಲಿನವರ ಗೌರವಕ್ಕೆ ಪಾತ್ರರಾಗಿ ಬಾಳಿದರು. ದೇಶದ ಐಕ್ಯಕ್ಕೆ ಇದಕ್ಕಿಂತ ಹಿರಿದಾದ ಸಾಕ್ಷಿ ಬೇಕಿಲ್ಲ.

6. ಮರ, ಕಲ್ಲು, ನೀರು

ಈ ಬೆಟ್ಟಗಳು ನೋಡಲು ಗಟ್ಟಿ. ನಿಜವಾಗಿ ಬಲು ಸೂಕ್ಷ್ಮ. 1974ರ ಮಾರ್ಚ್ 26ರಂದು ಚಮೋಲಿ ಜಿಲ್ಲೆಯ ರೇಣಿ ಗ್ರಾಮದಲ್ಲಿ ಗೌರಾದೇವಿಯವರ ಮುಂದಾಳುತನದಲ್ಲಿ ಹೆಣ್ಣುಮಕ್ಕಳು ಮರಗಳನ್ನು ತಬ್ಬಿ ಕಾಯಲು ನಿಂತರು. ಮರ ಹೋದರೆ ಮಣ್ಣು ಹೋಗುವುದು, ಮಣ್ಣು ಹೋದರೆ ಮನೆ ಹೋಗುವುದು ಎಂಬುದನ್ನು ಅವರು ಬದುಕಿನಿಂದಲೇ ಅರಿತಿದ್ದರು. ಆ ಚಿಪ್ಕೋ ಚಳವಳಿಯೇ 1983ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಸಿರಸಿಯ ಬಳಿಯ ಸಲ್ಕಣಿಯಲ್ಲಿ ಅಪ್ಪಿಕೋ ಎಂಬ ಕನ್ನಡ ಹೆಸರಿನಿಂದ ಮರುಹುಟ್ಟು ಪಡೆಯಿತು.

ದೂನ್ ಕಣಿವೆಯಲ್ಲಿ ಸುಣ್ಣಕಲ್ಲಿನ ಗಣಿಗಳು ಮಸ್ಸೂರಿ ಬೆಟ್ಟಗಳ ಹಸಿರನ್ನು ಕಿತ್ತು ಬುಗ್ಗೆಗಳನ್ನು ಬತ್ತಿಸಿದಾಗ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 1985ರಲ್ಲಿ ನ್ಯಾಯಾಲಯವು ಹಲವು ಗಣಿಗಳನ್ನು ಮುಚ್ಚಲು ಆಜ್ಞಾಪಿಸಿತು. ಕಲ್ಲುಗಣಿಯ ಧೂಳನ್ನು ಬಲ್ಲ ತಾಂಡೂರಿನವರಿಗೆ ಈ ಪ್ರಕರಣದ ಮಹತ್ವವನ್ನು ಹೇಳಿಕೊಡಬೇಕಾಗಿಲ್ಲ. ಭಾಗೀರಥಿಗೆ ಟೆಹರಿಯಲ್ಲಿ 260 ಮೀಟರು ಎತ್ತರದ ಅಣೆಕಟ್ಟು ಕಟ್ಟಿದಾಗ ಹಳೆಯ ಟೆಹರಿ ಪಟ್ಟಣವೇ ನೀರಿನಲ್ಲಿ ಮುಳುಗಿತು.

2013ರ ಜೂನ್ 16 ಮತ್ತು 17ರಂದು ನಡೆದುದನ್ನು ನೆನೆದರೆ ಮನಸ್ಸು ಕಲಕುತ್ತದೆ. ಅತಿವೃಷ್ಟಿಯಿಂದ ಕೇದಾರದ ಮೇಲಣ ಚೋರಾಬಾರಿ ಸರೋವರದ ದಂಡೆ ಒಡೆದು ನೀರು, ಕೆಸರು, ಬಂಡೆಗಳು ಊರಿನ ಮೇಲೆ ನುಗ್ಗಿದವು. ಗುಡಿ ಉಳಿಯಿತು, ಸುತ್ತಲಿನ ಊರು ಉಳಿಯಲಿಲ್ಲ. ಉತ್ತರಾಖಂಡದಾದ್ಯಂತ ಐದು ಸಾವಿರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. 2021ರ ಫೆಬ್ರವರಿಯಲ್ಲಿ ಚಮೋಲಿಯ ಪ್ರವಾಹ. 2023ರ ಜನವರಿಯಲ್ಲಿ ಜೋಶಿಮಠದ ಮನೆಗಳಲ್ಲಿ ಬಿರುಕು. ಮಳೆಯೂ ಭೂಕಂಪವೂ ಮನುಷ್ಯನ ಕೈಯಲ್ಲಿಲ್ಲ. ಆದರೆ ನದಿಯ ಪಾತ್ರದಲ್ಲಿ ವಸತಿಗೃಹ ಕಟ್ಟುವುದು, ಬೆಟ್ಟದ ಬುಡವನ್ನು ಕಡಿಯುವುದು, ನೆಲವು ತಾಳಲಾರದಷ್ಟು ಜನ ಒಮ್ಮೆಗೇ ನುಗ್ಗುವುದು ಮನುಷ್ಯನ ಕೈಯಲ್ಲಿಯೇ ಇವೆ. ಯಾತ್ರಿಕರಾದ ನಮಗೂ ಇದರಲ್ಲಿ ಹೊಣೆಯುಂಟು.

7. ಹೋಗುವವರಿಗೆ ಕೆಲವು ಸೂಚನೆಗಳು

ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಬೆಟ್ಟದ ದಾರಿಯನ್ನು ಹಿಡಿಯಬಾರದು. ಆಗ ಗುಡ್ಡಗಳು ಜರಿಯುವುದು ಹೆಚ್ಚು. ಮೇ ತಿಂಗಳಾಗಲಿ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಆಗಲಿ ಮೇಲು. ದಸರೆಯಿಂದ ದೀಪಾವಳಿಯವರೆಗೆ ಗಂಗಾ ಕಾಲುವೆಯನ್ನು ಶುಚಿಗಾಗಿ ಮುಚ್ಚುವುದರಿಂದ ಹರ್ ಕೀ ಪೌಡಿಯಲ್ಲಿ ನೀರು ಬಹಳ ಇಳಿದಿರುತ್ತದೆಂಬುದು ತಿಳಿದಿರಲಿ.

ಕೇದಾರ, ಬದರಿಗಳಿಗೆ ಹೋಗುವವರು ಮುಂಚಿತವಾಗಿ ಹೆಸರು ನೋಂದಾಯಿಸಿಕೊಳ್ಳಬೇಕು. ಕೇದಾರವು 3,583 ಮೀಟರು ಎತ್ತರದಲ್ಲಿದೆ. ಗೌರಿಕುಂಡದಿಂದ ಸುಮಾರು 16 ಕಿಲೋಮೀಟರು ಏರಬೇಕು. ಬಯಲು ಸೀಮೆಯ ನಮಗೆ ಅಲ್ಲಿ ಉಸಿರು ಸಾಲದು. ರಕ್ತದೊತ್ತಡ, ಹೃದ್ರೋಗಗಳಿರುವ ಹಿರಿಯರು ವೈದ್ಯರನ್ನು ಕೇಳದೆ ಹೊರಡಬಾರದು. ದಾರಿಯಲ್ಲಿ ಒಂದೆರಡು ದಿನ ತಂಗಿ ಮೈಯನ್ನು ಹೊಂದಿಸಿಕೊಳ್ಳಬೇಕು. ಏರಲಾರದವರು ಉಖೀಮಠದಲ್ಲಿಯೇ ಕೈಮುಗಿದು ಬಂದರೆ ಭಕ್ತಿಗೆ ಊನವಿಲ್ಲ. ಜೊತೆಗೆ ಒಯ್ದ ಪ್ಲಾಸ್ಟಿಕ್ ಸಾಮಾನು ಜೊತೆಯಲ್ಲಿಯೇ ಕೆಳಗೆ ಇಳಿಯಬೇಕು. ಗಂಗೆಯ ಹರಿವು ರಭಸವಾದುದು. ಸರಪಳಿ ಹಿಡಿಯದೆ ನೀರಿಗೆ ಇಳಿಯಕೂಡದು. ಮಂಜೀರೆಯಲ್ಲಿ ಈಜು ಕಲಿತವರ ಧೈರ್ಯ ಅಲ್ಲಿ ಕೆಲಸಕ್ಕೆ ಬಾರದು.

8. ಗಡಿ ಎಂಬುದು ಅಂಚಲ್ಲ

ಕೊನೆಗೆ ಮನಸ್ಸಿನ ಒಂದು ಮಾತು. ಕನ್ನಡ ಮಾಧ್ಯಮದಲ್ಲಿ ಓದಿದರೆ ಈ ಗಡಿಯ ಮಗು ಎಲ್ಲಿಗೆ ಹೋದೀತು ಎಂದು ಪಾಲಕರು ನನ್ನನ್ನು ಎಷ್ಟೋ ಸಲ ಕೇಳಿದ್ದಾರೆ. ಅವರ ಚಿಂತೆ ಹುಸಿಯಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆಯ ನಾರಾಯಣಖೇಡ, ಜಹೀರಾಬಾದ್‌ಗಳೂ ಗುಲ್ಬರ್ಗಾ ಜಿಲ್ಲೆಯ ತಾಂಡೂರೂ ಮೈಸೂರು ರಾಜ್ಯಕ್ಕೆ ಸೇರದೆ ಆಂಧ್ರಪ್ರದೇಶಕ್ಕೆ ಸೇರಿದವು. 2014ರಿಂದ ನಾವು ತೆಲಂಗಾಣದವರು. ಉದ್ಯೋಗದ ಭಾಷೆ ಒಂದು, ಆಡಳಿತದ ಭಾಷೆ ಒಂದು, ಮನೆಯ ಭಾಷೆ ಒಂದು. ಕನ್ನಡ ತರಗತಿಗಳಲ್ಲಿ ಹಾಜರಿ ಕರಗುತ್ತಿರುವುದನ್ನು ಕಂಡು ಸಂಕಟಪಡದ ಶಿಕ್ಷಕನಿಲ್ಲ.

ಮಕ್ಕಳು ತೆಲುಗು, ಹಿಂದಿ, ಇಂಗ್ಲಿಷುಗಳನ್ನು ಚೆನ್ನಾಗಿ ಕಲಿಯಲಿ; ಅದರಲ್ಲಿ ಎರಡು ಮಾತಿಲ್ಲ. ಆದರೆ ನಕಾಶೆಯನ್ನು, ನಕ್ಷತ್ರವನ್ನು, ಕಲ್ಲನ್ನು, ನೀರನ್ನು ಕುರಿತು 'ಏಕೆ' ಎಂದು ಕೇಳುವ ಬುದ್ಧಿ ಮೊದಲು ಮನೆಯ ಮಾತಿನಲ್ಲಿಯೇ ಚಿಗುರುತ್ತದೆ. ಒಂದು ಮಾತಿನಲ್ಲಿ ಕೇಳಲು ಕಲಿತವನು ಮುಂದೆ ಯಾವ ಮಾತಿನಲ್ಲಾದರೂ ಕೇಳಬಲ್ಲನು. ಮೊದಲ ಮಾತನ್ನೇ ಬಿಟ್ಟವನು ಉತ್ತರಗಳನ್ನು ಬಾಯಿಪಾಠ ಮಾಡುತ್ತಾನೆ, ಅಷ್ಟೆ. ಭಾಷೆಯ ನಕಾಶೆಯಲ್ಲಿ ನಾವು ಅಂಚಿನಲ್ಲಿರಬಹುದು. ದೇಶವನ್ನು ಅಳೆದ ನಕಾಶೆಯಲ್ಲಿ ನಮ್ಮ ನೆಲ ನಡುಗೆರೆಯ ಮೇಲಿದೆ. ಪ್ರಪಂಚಕ್ಕೆ ಪರ್ವತದ ಬೇರನ್ನು ತೋರಿಸಿದ ಗೆರೆ ನಮ್ಮ ಸೀಮೆಯ ಗುಡ್ಡಗಳನ್ನು ಹಾದುಹೋಗಿದೆ. ಈ ಹೆಮ್ಮೆ ನಮ್ಮ ಮಕ್ಕಳಲ್ಲಿರಲಿ.

ಅಭ್ಯಾಸ

1. ದಾಮರಗಿಡ್ಡ ಮತ್ತು ಕಲಿಯಾನಾಗಳ ಅಕ್ಷಾಂಶಗಳನ್ನು ಕಳೆಯಿರಿ. ಒಂದು ಡಿಗ್ರಿಗೆ 111 ಕಿಲೋಮೀಟರಿನಂತೆ ಅಂತರವನ್ನು ಕಂಡುಹಿಡಿಯಿರಿ. ಉತ್ತರ ಸುಮಾರು 1,270 ಕಿಲೋಮೀಟರು ಬರಬೇಕು.

2. ನಿರ್ಮಲವಾದ ರಾತ್ರಿಯಲ್ಲಿ ಧ್ರುವ ನಕ್ಷತ್ರವನ್ನು ಮುಷ್ಟಿಯಿಂದ ಅಳೆದು ನಮ್ಮೂರಿನ ಅಕ್ಷಾಂಶವನ್ನು ಬರೆಯಿರಿ.

3. ಮಂಜೀರೆಯ ದಂಡೆಯಿಂದ ಐದು ಬಗೆಯ ಕಲ್ಲುಗಳನ್ನು ತಂದು ಶಾಲೆಯಲ್ಲಿರಿಸಿರಿ. ಅವು ಎಲ್ಲಿಂದ ಬಂದಿರಬಹುದೆಂದು ಹಿರಿಯರನ್ನೂ ಶಿಕ್ಷಕರನ್ನೂ ಕೇಳಿರಿ.

4. ಯಾತ್ರೆಗೆ ಹೋಗಿಬಂದ ಅಜ್ಜ ಅಜ್ಜಿಯರನ್ನು ಕುಳ್ಳಿರಿಸಿಕೊಂಡು ಅವರು ಕಂಡ ನದಿ, ಬೆಟ್ಟ, ಮರಗಳನ್ನು ಅವರದೇ ಮಾತಿನಲ್ಲಿ ಬರೆದಿಡಿರಿ.

ನಾಲ್ಕನೆಯ ಅಭ್ಯಾಸಕ್ಕೆ ಅಂಕಗಳಿಲ್ಲ. ಆದರೆ ಅದನ್ನು ಮಾಡುವವರು ಮುಂದೂಡಬಾರದು. ಹಿರಿಯರು ಕಾಯುತ್ತಾ ಕುಳಿತಿರುವುದಿಲ್ಲ. ನಮ್ಮ ಶಾಲೆಯು ಶತಮಾನೋತ್ಸವವನ್ನು ಕಾಣಲಿ, ಅಂದಿನ ಸ್ಮರಣ ಸಂಚಿಕೆಯೂ ಕನ್ನಡದಲ್ಲಿಯೇ ಅಚ್ಚಾಗಲಿ ಎಂದು ಹಾರೈಸಿ ಈ ಪಾಠವನ್ನು ಮುಗಿಸುತ್ತೇನೆ.